ಪಿಕ್ಸಿ ಎಂದು ಕೂಗಿದಾಗ

ಡಾರ್ಟ್‌ಮೂರ್ ಎಂಬ ಜೌಗುಬಯಲಿನ ನಮ್ಮ ಹಳ್ಳಿಯಲ್ಲಿ ಥರ್ಜಾಳಿಗೆ ಹೆಸರಿಗಿಂತ ಬಿರುದುಗಳೇ ಹೆಚ್ಚು. ಪಾದ್ರಿಗಳು ‘ಪಕ್ಕಿಶ್’ ಎನ್ನುತ್ತಿದ್ದರು, ಬ್ರೆಡ್ ಅಂಗಡಿಯವನು ‘ಇಂಪ್’ ಎನ್ನುತ್ತಿದ್ದ. ನನಗೆ ಅವಳು ‘ಪಿಕ್ಸಿ’. ಎಲ್ಲದರ ಅರ್ಥವೂ ಒಂದೇ: ತುಂಟಿ, ಕಿಲಾಡಿ.

ಅವಳ ಅಜ್ಜಿ ವಿಲ್ಮಟ್‌ಗೆ ಮಾತ್ರ ಇದು ಹಿಡಿಸುತ್ತಿರಲಿಲ್ಲ.

“ಅವು ಬರೀ ಮಾತಲ್ಲ ಕಣೋ ಜೇಬೆಜ್. ಪಕ್, ಇಂಪ್, ಪಿಕ್ಸಿ, ಎಲ್ಲಾ ‘ಅವರ’ ಹೆಸರುಗಳು, ಮಂಜಲ್ಲಿ ದಾರಿ ತಪ್ಪಿಸೋ ಕುಳ್ಳ ಭೂತಗಳದ್ದು. ಜೌಗಿನ ಹತ್ರ ನಿಂತು ಹೆಸರು ಹಿಡಿದು ಕರೆದ್ರೆ ಬರದೆ ಇರ್ತಾರಾ?”

“ಬಂದ್ರೆ ಕೂರಿಸಿ ಟೀ ಕೊಡು ಅಜ್ಜಿ,” ಎಂದಳು ಥರ್ಜಾ, ನನ್ನತ್ತ ಒಂದೇ ಹುಬ್ಬು ಏರಿಸಿ. ಆ ಹುಬ್ಬಿಗೆ ನಾನು ಎಂದೋ ಸೋತಿದ್ದೆ.

ನಾನು ಕಲ್ಲುಗೋಡೆ ಕಟ್ಟುವವನು. ಬಯಲಿನಲ್ಲಿ ಕೆಲಸ ಮಾಡುವಾಗ ಅವಳು ಗೋಡೆಯಾಚೆ ಅವಿತು ಕುರಿಯಂತೆ ಅರಚುತ್ತಿದ್ದಳು. ನಾನು ಬೆಚ್ಚಿದರೆ ಹೊಟ್ಟೆ ಹಿಡಿದು ನಗುತ್ತಿದ್ದಳು.

“ನನ್ನನ್ನ ಪ್ರೀತಿಸ್ತೀಯಾ?” ಎಂದು ಕೇಳಿದರೆ, “ಶನಿವಾರ ಮಾತ್ರ!” ಎಂದು ಓಟ ಕೀಳುತ್ತಿದ್ದಳು.

ಅಕ್ಟೋಬರಿನ ಒಂದು ಮಧ್ಯಾಹ್ನ. ದೂರದ ತೋಟದ ಮನೆಗೆ ಬೆಣ್ಣೆ ಕೊಟ್ಟು ಅವಳು ಹಿಂದಿರುಗುವ ಹೊತ್ತು. ನೋಡನೋಡುತ್ತಿದ್ದಂತೆ ಮಂಜು ಕವಿಯಿತು. ಕೈಯಲ್ಲಿದ್ದ ಸುತ್ತಿಗೆಯೂ ಕಾಣದಷ್ಟು. ಅವಳಿಗೆ ದಾರಿ ತಪ್ಪೀತೆಂದು ಗೋಡೆ ಬಿಟ್ಟು ಮುಂದೆ ನಡೆದು ಕೂಗಿದೆ:

“ಪಿಕ್ಸೀ! ಎಲ್ಲಿದ್ದೀಯೇ?”

“ಇಲ್ಲೇ ಕಣೋ ಕುರುಡ!” ಎಡಗಡೆಯಿಂದ ನಗು ಬಂತು. ಅವಳದೇ ನಗು, ಕೊನೆಯಲ್ಲಿ ಬಿಕ್ಕಳಿಕೆಯಂತೆ ಮುರಿಯುವಂಥದ್ದು.

ಅತ್ತ ನಡೆದೆ. “ಇನ್ನೂ ಮುಂದೆ,” ಎಂದಿತು ದನಿ. ಕಾಲಡಿಯ ಹುಲ್ಲು ಮೆತ್ತಗಾಯಿತು. ಬೂಟಿನೊಳಗೆ ತಣ್ಣನೆ ನೀರು ನುಗ್ಗಿತು. ಹೋದ ವಸಂತದಲ್ಲಿ ಒಂದು ಕುದುರೆಯನ್ನೇ ನುಂಗಿದ ಜೌಗು ಅದು. ತಿಳಿಯುವಷ್ಟರಲ್ಲಿ ಮಂಡಿಯವರೆಗೆ ಹೂತಿದ್ದೆ.

“ಜೇಬೆಜ್, ನಿಲ್ಲು! ಅದು ನಾನಲ್ಲ!”

ಈ ಕೂಗು ಬೆನ್ನ ಹಿಂದಿನಿಂದ. ಅದೂ ಥರ್ಜಾಳ ದನಿಯೇ. ಆದರೆ ಅಳುವಿನಿಂದ ನಡುಗುತ್ತಿತ್ತು.

“ನಂಬಬೇಡ್ವೋ,” ಎಡಗಡೆಯದು ನಕ್ಕಿತು. “ನಾನು ಅಳೋದನ್ನ ಯಾವತ್ತಾದ್ರೂ ನೋಡಿದ್ದೀಯಾ?”

ನೋಡಿರಲಿಲ್ಲ. ಬೇರೇನೂ ತೋಚದೆ ಮಂಜಿಗೇ ಕೇಳಿದೆ:

“ನನ್ನನ್ನ ಪ್ರೀತಿಸ್ತೀಯಾ?”

“ಪ್ರೀತಿಸ್ತೀನಿ! ನನ್ನ ಪ್ರಾಣಕ್ಕಿಂತ ಹೆಚ್ಚಾಗಿ. ಬಾ!” ಎಡಗಡೆಯದು ಜೇನಿನಂತೆ ನುಡಿಯಿತು. ವರ್ಷಗಳಿಂದ ಕೇಳಲು ಹಂಬಲಿಸಿದ್ದ ಮಾತು.

ಹಿಂದಿನಿಂದ ಸಿಡುಕು: “ಕತ್ತೆ! ಈಗ ಕೇಳೋ ಮಾತೇನೋ ಅದು? ಮೊದ್ಲು ಕಾಲು ಕಿತ್ಕೊಂಡು ಬಾ!”

ಆ ಬೈಗುಳದ ಕಡೆಗೆ ಹೊಟ್ಟೆಯ ಮೇಲೆ ಬಿದ್ದು ತೆವಳಿದೆ. ಒಂದು ಕೈ ನನ್ನ ಕಾಲರ್ ಹಿಡಿದು ಎಳೆಯಿತು. ಬೆಚ್ಚಗಿನ, ಬೆಣ್ಣೆ ವಾಸನೆಯ ಕೈ.

ತಡವರಿಸುತ್ತಾ ಗೋಡೆ ಸೇರಿ ಅದಕ್ಕೊರಗಿ ಕೂತೆವು. ಅವಳ ಕೆನ್ನೆ ಒದ್ದೆಯಾಗಿತ್ತು. ಅತ್ತ ದನಿ ಇನ್ನೂ ಕರೆಯುತ್ತಲೇ ಇತ್ತು, ಆದರೆ ಈಗ ನನ್ನ ದನಿಯಲ್ಲಿ: “ಥರ್ಜಾ... ಬಾರೇ...” ಅವಳು ನನ್ನ ಬೆರಳುಗಳನ್ನು ನೋಯುವಂತೆ ಹಿಡಿದಳು.

“ನನ್ನ ಕಡೆಗೇ ಹೇಗೆ ಬಂದೆ?”

“ನಾನು ಕೇಳಿದ ತಕ್ಷಣ ಅದು ಹೂಂ ಅಂದುಬಿಡ್ತು. ನೀನು ಯಾವತ್ತಾದ್ರೂ ಹಾಗೆ ಅಂದಿದ್ದೀಯಾ?”

ಅವಳು ನಗಲಿಲ್ಲ. ತಲೆ ತಗ್ಗಿಸಿದಳು.

“ಅದು ಹೇಳಿದ್ದು ನನ್ನ ಮಾತೇ ಕಣೋ. ಎಷ್ಟೋ ಸಲ ಇಲ್ಲಿ ಒಬ್ಳೇ ನಿಂತು ಹೇಳಿ ಹೇಳಿ ಕಲ್ತಿದ್ದೆ, ಅಕ್ಷರ ಅಕ್ಷರ ಅದೇ. ನಿನ್ನ ಮುಖ ಕಂಡ್ರೆ ಮಾತ್ರ ಹೆದರಿಕೆ. ತಮಾಷೆ ಬಾಯಿಗೆ ಬಂದುಬಿಡ್ತಿತ್ತು. ನಾನು ಹೇಳ್ಕೊಂಡಿದ್ದನ್ನ ಅದು ಕದ್ದು ಕೇಳಿದೆ.”

“ಹಾಗಾದ್ರೆ ಈಗ ನೀನು ಹೇಳು.”

ಥರ್ಜಾ ಮಂಜಿನತ್ತ ಒಮ್ಮೆ ನೋಡಿದಳು. ಮತ್ತೆ ಯಾರೂ ಕದಿಯಬಾರದೆಂಬಂತೆ ನನ್ನ ಕಿವಿಗೆ ತುಟಿ ತಾಗಿಸಿ, ತೊದಲುತ್ತಾ ಹೇಳಿದಳು. ಮಂಜಿನಂಚಿನಲ್ಲಿ ಏನೋ ನಾಲ್ಕು ಹೆಜ್ಜೆ ಹತ್ತಿರ ಬಂದು, ಉಸಿರು ಬಿಗಿಹಿಡಿದು ನಿಂತಿತು. ಅದಕ್ಕೆ ಒಂದು ಅಕ್ಷರವೂ ಕೇಳಿಸಲಿಲ್ಲ.