ಕೆಳಗೆ ಉಳಿದ ನಳಿಗೆ

ಹುಡುಗಿ ಅಳುತ್ತಲೇ ಒಳಗೆ ಬಂದಳು. ನಮ್ಮ ಡಾಕ್ಟರಮ್ಮ ನಿವೃತ್ತ ಪಶುವೈದ್ಯೆ. ನಾನು ಅವರ ಹಳೆಯ ಕಾಂಪೌಂಡರ್. ಬಾಯಿಲ್ಲದ ಪ್ರಾಣಿಗಳ ರೋಗ ಪತ್ತೆ ಹಚ್ಚಿದವರಿಗೆ ಬಾಯಿದ್ದವರ ಗುಟ್ಟು ಯಾವ ಲೆಕ್ಕ ಎಂದು ಬೀದಿಯವರೆಲ್ಲ ತಮ್ಮ ತೊಡಕುಗಳನ್ನು ನಮ್ಮ ಬಾಗಿಲಿಗೇ ತರುತ್ತಿದ್ದರು.

ಸಮುದಾಯ ಕೇಂದ್ರದ ವಿಜ್ಞಾನ ತರಗತಿಯ ಮಕ್ಕಳು ರೂಪಿಸಿದ ಪ್ರಯೋಗವೊಂದು ಬಾಹ್ಯಾಕಾಶಕ್ಕೆ ಹೋಗಿ ಬಂದಿತ್ತು. ನಳಿಗೆಯೊಳಗೆ ಬಟಾಣಿ ಬೀಜ. ತೂಕವೇ ಇಲ್ಲದ ಕಡೆ ಬೇರಿಗೆ ಕೆಳಗೆ ಯಾವುದೆಂದು ಹೇಗೆ ತಿಳಿಯುತ್ತದೆ ಎಂಬುದು ಪ್ರಶ್ನೆ. ಆ ಪ್ರಶ್ನೆ ಕೇಳಿದವಳು ಈ ಹುಡುಗಿಯ ಗೆಳತಿ. ಬೀಜ ತುಂಬಿಟ್ಟ ಮೇಲೆ, ರಾಕೆಟ್ ಹಾರುವ ಮೊದಲೇ, ಅವಳು ಜ್ವರದಲ್ಲಿ ತೀರಿಕೊಂಡಿದ್ದಳು. ಹೋಲಿಸಿ ನೋಡಲೆಂದು ಅಂಥದ್ದೇ ಇನ್ನೊಂದು ನಳಿಗೆಯನ್ನು ಕೇಂದ್ರದಲ್ಲೇ ಇಟ್ಟು ಬೆಳೆಸಿದ್ದರು.

"ಅದೇ ಕಾಣಿಸ್ತಿಲ್ಲ ಡಾಕ್ಟರಮ್ಮ. ಇವತ್ತು ಸಂಜೆ ಎರಡರ ಬೇರನ್ನೂ ಕತ್ತರಿಸಿ ನೋಡಬೇಕಿತ್ತು. ಅದಿಲ್ದೆ ಮೇಲಿಂದ ಬಂದಿದ್ದು ಇದ್ದೂ ಪ್ರಯೋಜನ ಇಲ್ಲ. ಅವಳು ಕೇಳಿದ್ದಕ್ಕೆ ಉತ್ತರಾನೇ ಸಿಗಲ್ಲ."

ನಾವು ಕೇಂದ್ರಕ್ಕೆ ಹೋಗುವಷ್ಟರಲ್ಲಿ ವಿಜ್ಞಾನದ ಮೇಷ್ಟ್ರು ಕಳ್ಳನನ್ನು ಹಿಡಿದಾಗಿತ್ತು: ಪ್ರಯೋಗ ಆಯ್ಕೆಯಾಗದೆ ಮುಖ ಊದಿಸಿಕೊಂಡಿದ್ದ ಬೇರೆ ಗುಂಪಿನ ಹುಡುಗ. ಕತ್ತರಿಸುವ ವಿಷಯವನ್ನು ಕೇಂದ್ರದವರಿಗೆಲ್ಲ ತಾವು ಹೇಳಿದ್ದು ನಿನ್ನೆಯಷ್ಟೇ, ಇವನು ಹೊಂಚು ಹಾಕಿದ್ದಾನೆ ಎಂಬುದು ಅವರ ವಾದ. ಕತ್ತರಿಸುವ ತನಕ ಬಾಡದಿರಲೆಂದು ಎರಡನ್ನೂ ಇಟ್ಟಿದ್ದ ಬೀಗವಿಲ್ಲದ ಫ್ರಿಜ್ಜಿನಲ್ಲಿ ಬಾಹ್ಯಾಕಾಶದ ನಳಿಗೆ ಹಾಗೇ ಇತ್ತು. ಇನ್ನೊಂದರ ಜೊತೆಗೆ ಐಸ್ ಚೀಲವೂ ಮಾಯವಾಗಿತ್ತು. ಯಾವ ನಳಿಗೆಗೆ ಬೀಜ ತುಂಬಿದ್ದು ಯಾರು ಎಂದು ಡಾಕ್ಟರಮ್ಮ ಕೇಳಿದರು. ಮೇಲೆ ಹೋದದ್ದು ತನ್ನದು, ಕೆಳಗೆ ಉಳಿದದ್ದು ಗೆಳತಿಯದು ಎಂದಳು ಹುಡುಗಿ.

ಹೊರಬರುವಾಗ ಹೊಲಿಗೆ ಕೋಣೆಯ ಬಾಗಿಲಲ್ಲಿ ನೀರಿಗೆ ಕಾಲಿಟ್ಟು ಜಾರಿದೆ. ಒರೆಸದವರಿಗೆ ಶಾಪ ಹಾಕಿದೆ. ಒಳಗೆ ಹೊಲಿಗೆ ಟೀಚರು, ಸತ್ತ ಹುಡುಗಿಯ ತಾಯಿ, ಯಂತ್ರದ ಮುಂದೆ ಸುಮ್ಮನೆ ಕೂತಿದ್ದರು. ಇಂಥ ಹೊತ್ತಿನಲ್ಲಿ ನನ್ನನ್ನು ರೇಗಿಸದೆ ಬಿಡದ ಡಾಕ್ಟರಮ್ಮ ಅಂದು ನಗಲಿಲ್ಲ.

ಸಂಜೆ ಎಲ್ಲರನ್ನೂ ವಿಜ್ಞಾನದ ಕೋಣೆಗೆ ಕರೆಸಿದರು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದು ಬೇಡ ಮೇಷ್ಟ್ರೇ. ಹೊಟ್ಟೆಕಿಚ್ಚಿನವನಾಗಿದ್ರೆ ಮೇಲಿಂದ ಬಂದಿದ್ದನ್ನೇ ಹಾಳು ಮಾಡ್ತಿದ್ದ. ಐಸ್ ಚೀಲ ತಗೊಂಡು ಹೋಗಿದ್ದು ಸಸಿ ಸಾಯಬಾರದು ಅಂತ. ಕತ್ತರಿಸ್ತಾರೆ ಅಂತ ಗೊತ್ತಾದ ಮೇಲೆ ತೆಗೆದಿದ್ದು, ಕತ್ತರಿಸಬಾರದು ಅಂತ. ಬಾಹ್ಯಾಕಾಶದ್ದಕ್ಕಿಂತ ಇಲ್ಲಿದ್ದ ಸಸಿ ಯಾರಿಗೆ ಹೆಚ್ಚು? ಅದರ ಬೀಜ ತುಂಬಿದ ಕೈ ಯಾರಿಗೆ ಬೇಕೋ ಅವರಿಗೆ. ಈ ಹುಡುಗಿಗೂ ಬೇಕು. ಆದ್ರೆ ಅವಳೇ ತೆಗೆದಿದ್ರೆ ನನ್ನ ಹತ್ರ ಬರ್ತಿರಲಿಲ್ಲ. ಇನ್ನು, ನಮ್ಮ ಕಾಂಪೌಂಡರು ಜಾರಿದ್ದು ಕರಗಿದ ಐಸಿನ ನೀರಲ್ಲಿ."

ಅವರು ಯಾರ ಕಡೆಗೂ ಬೆರಳು ತೋರಿಸಲಿಲ್ಲ. ಹೊಲಿಗೆ ಟೀಚರು ತೊಡೆಯ ಮೇಲಿದ್ದ ಒದ್ದೆ ಬಟ್ಟೆಚೀಲವನ್ನು ತಾವೇ ಬಿಚ್ಚಿದರು.

"ಅವಳು ಮುಟ್ಟಿದ್ದರಲ್ಲಿ ಜೀವ ಇರೋದು ಇದೊಂದೇ. ಎಲೆ ಬಿಡ್ತಿದೆ ನೋಡಿ."

ಮೇಷ್ಟ್ರು ತಲೆ ತಗ್ಗಿಸಿದರು. ಈ ಕಳ್ಳತನ ಪತ್ತೆಯಾಗದಿದ್ದರೇ ಚೆನ್ನಾಗಿತ್ತು ಎಂದು ನನಗೆ ಅನ್ನಿಸಿತು.

"ಅವಳಿದ್ದಿದ್ರೆ ಇದನ್ನ ಕತ್ತರಿಸ್ತಿದ್ಲೇನಮ್ಮಾ?" ಎಂದು ತಾಯಿ ಹುಡುಗಿಯನ್ನು ಕೇಳಿದರು.

ಸುಳ್ಳು ಹೇಳಿದ್ದರೆ ಅಲ್ಲಿದ್ದ ಯಾರೂ ಹುಡುಗಿಯನ್ನು ಬೈಯುತ್ತಿರಲಿಲ್ಲ.

"ನನ್ನ ಕೈಗೆ ಬ್ಲೇಡನ್ನೇ ಕೊಡ್ತಿರಲಿಲ್ಲ ಆಂಟಿ. ತಾನೇ ಕತ್ತರಿಸ್ತೀನಿ ಅಂತಿದ್ಲು."

ತಾಯಿ ನಳಿಗೆಯನ್ನು ಮೇಜಿನ ಮೇಲಿಟ್ಟರು. ತಾವು ನೋಡುವುದಿಲ್ಲ ಎಂದು ಹೇಳಿ ಬಾಗಿಲ ತನಕ ಹೋದರು. ಹುಡುಗಿ ಸಸಿಯನ್ನು ಹೊರತೆಗೆದು ಬ್ಲೇಡ್ ಹಿಡಿದಳು. ತೆಳ್ಳನೆಯ ಬೇರು ಬ್ಲೇಡಿಗೆ ಸಿಗದೆ ಜಾರಿತು. ತಾಯಿ ತಿರುಗಿ ಬಂದು, ಸಸಿ ಅಲುಗದಂತೆ ತಾವೇ ಹಿಡಿದುಕೊಂಡರು.