ಬಿಚ್ಚಿದ ಹೊಲಿಗೆ

ದರ್ಜಿ ಹುಡುಗಿ ಬಂದು ಚಿಕ್ಕಮ್ಮನ ಮುಂದೆ ಗಂಟು ಇಟ್ಟಾಗ ಬೆಳಗಿನ ಒಂಬತ್ತು. ಪತ್ತೇದಾರಿಕೆಯಲ್ಲಿ ನಮ್ಮ ಚಿಕ್ಕಮ್ಮನದು ಎತ್ತಿದ ಕೈ. ಅವಳ ಚೀಲ ಹೊರುವುದು ನನ್ನ ಪಾಲು.

"ಸಂಜೆ ಐದಕ್ಕೆ ಗಿರಾಕಿ ಬಂದು ಈ ಕೋಟು ಹಾಕ್ಕೊಂಡೇ ರೈಲು ಹತ್ತಬೇಕು. ಅವರು ಒಪ್ಪಿದ್ರೆ ಅಂಗಡೀಲಿ ಬಟ್ಟೆ ಕತ್ತರಿಸೋ ಹೆಡ್ ಕಟ್ಟರ್ ಕೆಲಸ ನಂದು, ಇಲ್ಲಾಂದ್ರೆ ಹೊರಗಿನೋರಿಗೆ. ನಿನ್ನೆ ಮುಗಿಸಿಟ್ಟಿದ್ದೆ. ಇವತ್ತು ಹೀಗೆ ಸಿಕ್ತು, ಹಾಗೇ ತಂದೆ," ಎಂದಳು.

ಗಂಟಿನಲ್ಲಿದ್ದದ್ದು ಬರೀ ತುಂಡುಗಳು. ಹೊಲಿಗೆ ಬಿಚ್ಚಿದ್ದರು, ಬಟ್ಟೆಗೆ ಎಲ್ಲೂ ಕತ್ತರಿ ತಾಗಿರಲಿಲ್ಲ. ಬೆನ್ನಿನ ದೊಡ್ಡ ತುಂಡು ಕೆಳಗೆ, ತೋಳು ಅದರ ಮೇಲೆ, ಕಾಲರ್ ಎಲ್ಲಕ್ಕಿಂತ ಮೇಲೆ.

ಅಂಗಡಿಯ ಬೀಗದ ಕೈ ಇನ್ನೂ ಮೂವರ ಬಳಿ ಇತ್ತು. ಆ ಹುದ್ದೆಗೆ ಆಸೆಪಟ್ಟಿದ್ದ ಇಸ್ತ್ರಿಯವನು, ಹೆಣ್ಣಿಗೆ ಕೊಡಲೇಬಾರದೆಂದು ಹಟ ಹಿಡಿದಿದ್ದ ಯಜಮಾನರ ಭಾವಮೈದ, ಈಗ ಆ ಹುದ್ದೆ ಬಿಡಲಿದ್ದ, ಅವಳಿಗೆ ಕೆಲಸ ಕಲಿಸಿ ಅವಳಿಗೇ ಕೊಡಿ ಎಂದಿದ್ದ ಮುದಿ ಕಟ್ಟರ್. ಅಂಗಡಿಗೆ ಬಂದ ಚಿಕ್ಕಮ್ಮ ಯಾರನ್ನೂ ಏನನ್ನೂ ಕೇಳಲಿಲ್ಲ. ಮೂವರಿಗೂ ಒಂದೊಂದು ಬೇರೆ ಕೋಟಿನ ತುಂಡುಗಳನ್ನು ಕೊಟ್ಟು, "ಗಂಟು ಕಟ್ಟಿಡಿ," ಎಂದಳು. ನನಗೆ ತಲೆಬುಡ ತಿಳಿಯಲಿಲ್ಲ.

ಮಧ್ಯಾಹ್ನ ಎಲ್ಲರನ್ನೂ ಕಟಿಂಗ್ ಮೇಜಿನ ಸುತ್ತ ಕೂರಿಸಿದಳು.

"ಸಿಟ್ಟಿದ್ದೋರು ಕತ್ತರಿ ಹಾಕ್ತಾರೆ, ಒಂದು ನಿಮಿಷದ ಕೆಲಸ. ಇದನ್ನ ಮಾಡಿದೋರು ಗಂಟೆಗಟ್ಟಲೆ ಕೂತು ಒಂದೊಂದೇ ಹೊಲಿಗೆ ಬಿಡಿಸಿದ್ದಾರೆ. ಬಟ್ಟೆ ಹಾಳಾಗೋದು ಅವರಿಗೆ ಬೇಕಿರಲಿಲ್ಲ. ಒಂದು ತುಂಡೂ ಕಳೀಬಾರದು ಅಂತ ಕಟ್ಟಿಯೂ ಇಟ್ಟಿದ್ದಾರೆ. ಈಗ ನೋಡಿ. ಇಸ್ತ್ರಿಯವರು ಎಲ್ಲಾ ಮಡಚಿದ್ರು. ಭಾವಮೈದ ಮುದ್ದೆ ಮಾಡಿದ್ರು. ದೊಡ್ಡದು ಕೆಳಗೆ, ಕಾಲರ್ ಮೇಲೆ ಇಟ್ಟಿದ್ದು ಒಬ್ಬರೇ. ನಲವತ್ತು ವರ್ಷದ ಅಭ್ಯಾಸ, ಕೈಗೆ ಗೊತ್ತೇ ಆಗಲ್ಲ."

ಮುದಿ ಕಟ್ಟರ್ ತಲೆ ತಗ್ಗಿಸಿಕೊಂಡೇ ಹೇಳಿದರು.

"ಅವಳಿಗೇ ಕೊಡಿ ಅಂತ ಬುದ್ಧಿ ಈಗ್ಲೂ ಹೇಳುತ್ತೆ. ಮಗಳ ಹಾಗೆ ಸಾಕಿದೀನಿ. ನಿನ್ನೆ ಎಲ್ಲರೂ ಹೋದ ಮೇಲೆ ಸುಮ್ನೆ ಮುಟ್ಟಿ ನೋಡೋಣ ಅಂತ ಕೂತೆ. ನನ್ನ ಕೆಲಸಕ್ಕಿಂತ ಚೆನ್ನಾಗಿತ್ತು. ಇನ್ನು ಈ ಮೇಜು ನಂದಲ್ಲ ಅನ್ನಿಸ್ತು. ಬೇಡ, ಬೇಡ ಅಂತಾನೇ ಬಿಚ್ಚಿದೆ."

ನನಗೆ ಅವರ ಮೇಲೆ ಕೋಪ ಬರಬೇಕಿತ್ತು. ಬರಲಿಲ್ಲ.

ಹುಡುಗಿ ಕಣ್ಣೊರೆಸಿಕೊಂಡಳು. "ಇಬ್ಬರು ಕೂತ್ರೆ ಐದರೊಳಗೆ ಆಗುತ್ತೆ. ಬನ್ನಿ, ನೀವು ತೋಳು ಹಿಡೀರಿ."

ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. "ಬೇಡಮ್ಮ. ಮತ್ತೆ ಏನು ಮಾಡ್ತಾವೋ. ಈ ಕೈಗಳನ್ನ ನಾನೇ ನಂಬಲ್ಲ."

ಹುಡುಗಿ ಒಬ್ಬಳೇ ಹೊಲಿಯತೊಡಗಿದಳು.

ಐದಕ್ಕೆ ಗಿರಾಕಿ ಬಂದಾಗ ಒಂದು ತೋಳು ಇನ್ನೂ ಬಾಕಿಯಿತ್ತು.