ನಗಾರಿ ಡಮಿಯಾನನನ್ನು ಕೊಂದವನು

ಸ್ಪೇನಿನ ದೊರೆಯ ಆಳ್ವಿಕೆ ತೊಲಗಿತೆಂದು ನಮ್ಮೂರು ಸ್ವಾತಂತ್ರ್ಯದ ಪ್ರಮಾಣ ಮಾಡಬೇಕಿದ್ದ ದಿನ, ಬೆಳಿಗ್ಗೆ, ಡಮಿಯಾನ್ ಚುರಾನ ಹೆಣ ಸಿಕ್ಕಿತು.

ಬ್ರೆಡ್ ಸುಡುವ ಲೂಕಾಸನ ಹಿತ್ತಲು. ಸೌದೆ ರಾಶಿಯ ಪಕ್ಕ ಅಂಗಾತ ಬಿದ್ದಿದ್ದ. ಎದೆಯಲ್ಲಿ ಚೂರಿಯ ಇರಿತವಿತ್ತು. ಬಿಗಿಮುಷ್ಟಿಯಾಗಿದ್ದ ಬಲಗೈಯ ಬೆರಳುಗಳ ಸಂದಿಯಲ್ಲಿ ಏನೋ ಹೊಳೆಯುತ್ತಿತ್ತು.

ಡಾಕ್ಟರ್ ಉರ್ಕಿದಿ ಮಂಡಿಯೂರಿ ಕೂತು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಹೆಣ ಸೆಟೆದಿತ್ತು; ಸುಲಭವಾಗಲಿಲ್ಲ. ಒಳಗಿದ್ದದ್ದು ಹಿತ್ತಾಳೆಯ ಗುಂಡಿ. ಸ್ಪೇನಿನ ಸೈನಿಕರ ಕೋಟಿನದು.

"ಇನ್ನೇನು ಬೇಕು?" ಎಂದರು ಗೆದ್ದ ಸೈನ್ಯದ ಕರ್ನಲ್ ಸಲ್ಸೇದೊ. "ಈ ಲೂಕಾಸ್ ಸ್ಪೇನಿನವನು. ಅವರ ದಂಡು ಬಿಟ್ಟು ಓಡಿ ಬಂದೋನು. ಅವನ ಹಳೇ ಕೋಟಿನಲ್ಲಿ ಒಂದು ಗುಂಡಿ ಇಲ್ಲ. ಪ್ರಮಾಣಕ್ಕೆ ಮುಂಚೆ ಗಲ್ಲಿಗೆ ಹಾಕಿಬಿಡೋಣ. ಜನಕ್ಕೂ ಹುರುಪು ಬರುತ್ತೆ."

ಡಾಕ್ಟರು ಸತ್ತವನ ಬಲ ಮಣಿಕಟ್ಟಿಗೆ ಅಡ್ಡಲಾಗಿದ್ದ ಹಳೆಯ ಗಾಯದ ಗುರುತಿನ ಮೇಲೆ ಹೆಬ್ಬೆರಳಾಡಿಸಿದರು. ನಾನು ಯುದ್ಧದುದ್ದಕ್ಕೂ ಅವರ ಔಷಧಿ ಪೆಟ್ಟಿಗೆ ಹೊತ್ತವನು. ಅವರ ಮುಖ ಹಾಗೆ ಕಪ್ಪಿಟ್ಟದ್ದನ್ನು ನೋಡಿರಲಿಲ್ಲ.

"ತೊರಿಬಿಯೊ," ಎಂದರು ನನಗೆ, "ಇವನ ತಂಗೀನ ಕರಿ."

ಡಮಿಯಾನ್ ಯಾರೆಂದು ಈ ಕಣಿವೆಯಲ್ಲಿ ಎಲ್ಲರಿಗೂ ಗೊತ್ತು. ಸ್ಪೇನಿನ ದಂಡು ಬಂದಾಗಲೆಲ್ಲ ಗುಡ್ಡದ ನೆತ್ತಿಯಲ್ಲಿ ನಗಾರಿ ಬಾರಿಸಿ ಊರೂರನ್ನು ಎಬ್ಬಿಸುತ್ತಿದ್ದವನು. ಯಾರೋ ಹಿಡಿದುಕೊಟ್ಟರು. ಜೊತೆಗಿದ್ದವರ ತಲೆಗಳನ್ನು ಗಳುಗಳಿಗೆ ಸಿಕ್ಕಿಸಿ ದಾರಿಯುದ್ದಕ್ಕೂ ನೆಟ್ಟರು. ಇವನೊಬ್ಬನನ್ನು ಬಿಟ್ಟರು. ಆಮೇಲೆ ಅವನು ನಗಾರಿ ಮುಟ್ಟಲಿಲ್ಲ. ಲೂಕಾಸನ ಒಲೆಗೆ ಸೌದೆ ಹೊತ್ತು ಬದುಕಿದ.

ತಂಗಿ ಸೆಬಾಸ್ಟಿಯಾನಾ ಅಳಲಿಲ್ಲ. ಹೆಣದ ಹತ್ತಿರ ಕೂತು ನೊಣ ಓಡಿಸುತ್ತಿದ್ದಳು.

"ನಿನ್ನೆ ಸಂಜೆ ಏನಾದ್ರೂ ಹೇಳಿದ್ನಾ, ತಾಯಿ?"

"ಚೌಕದಿಂದ ನಡುಗ್ತಾ ಬಂದ ಡಾಕ್ಟರಪ್ಪ. ಆ ದನಿ ಕೇಳ್ದೆ ಅಂದ."

"ಯಾವ ದನಿ?"

"ಅಣ್ಣನ್ನ ಹಿಡಿದಾಗ ಕಣ್ಣಿಗೆ ಬಟ್ಟೆ ಕಟ್ಟಿದ್ರಂತೆ. ಯಾರೋ ಬಂದು, ನಗಾರಿಯೋನು ಇವನೇ ಅಂತ ತೋರಿಸ್ಕೊಟ್ಟು ಹೋದ್ನಂತೆ. ನಮ್ಮ ಕೆಚುವಾ ಮಾತಲ್ಲೇ ಹೇಳಿದ್ನಂತೆ. ಆ ದನಿ."

"ಯಾರದು ಅಂದ್ನಾ?"

"ಇಲ್ಲ. ಅವನ ಎದುರಿಗೇ ನಿಂತು ಮುಖ ನೋಡಿ ಬಂದಿದೀನಿ, ನಾಳೆ ಎಲ್ಲರ ಮುಂದೆ ಹೇಳ್ತೀನಿ ಅಂದ. ಸೌದೆ ಇಳಿಸಿ ಬರ್ತೀನಿ ಅಂತ ಹೋದೋನು…" ಅವಳು ಮತ್ತೆ ನೊಣ ಓಡಿಸತೊಡಗಿದಳು.

ನಿನ್ನೆ ಚೌಕದಲ್ಲಿ ಇಂದಿನ ಸಮಾರಂಭದ ತಾಲೀಮು ನಡೆದಿತ್ತು. ಕಟ್ಟೆಯ ಮೇಲೆ ನಿಂತು ಮಾತಾಡಿದವರು ಮೂವರೇ — ಕರ್ನಲ್, ಪಾದ್ರಿ ಬೆನಿಟೊ, ಜಮೀನುದಾರ ಡಾನ್ ಮೆಲ್ಚೋರ್ ಅರ್ಸೆ. ಪಾದ್ರಿ ಒಂದು ಕಾಲದಲ್ಲಿ ಸ್ಪೇನಿನವರ ಫಿರಂಗಿಗಳಿಗೆ ಪವಿತ್ರ ಜಲ ಎರಚಿದವರು. ಡಮಿಯಾನ್ ಸಿಕ್ಕಿಬಿದ್ದ ವರ್ಷವೇ ಮೆಲ್ಚೋರ್ ಊರು ಬಿಟ್ಟು ಪೊಟೋಸಿ ಪಟ್ಟಣ ಸೇರಿದ್ದ. ಗೆದ್ದ ಸೈನ್ಯದ ಜೊತೆ ಈಗ ಮರಳಿದ್ದ. ಸೈನ್ಯಕ್ಕೆ ಕುದುರೆ ಕೊಟ್ಟಿದ್ದಕ್ಕಾಗಿ ಇವತ್ತು ಊರಿನ ಮೊದಲ ಮೇಯರ್ ಆಗುವವನು.

ಲೂಕಾಸ್ ಠಾಣೆಯಲ್ಲಿ ಕೈಕಟ್ಟಿಸಿಕೊಂಡು ಕೂತಿದ್ದ.

"ನಿನಗೆ ಕೆಚುವಾ ಬರುತ್ತಾ?"

"ಬ್ರೆಡ್ ಅನ್ನೋಕೆ ಬರುತ್ತೆ, ಬೈಯೋಕೆ ಬರುತ್ತೆ, ಅಷ್ಟೇ ಸ್ವಾಮಿ."

"ಕೋಟು ಎಲ್ಲಿಡ್ತೀಯ?"

"ಹಿತ್ತಲ ಗೂಟದಲ್ಲಿ. ಯಾರು ಬೇಕಾದ್ರೂ ಮುಟ್ಟಬಹುದು. ಡಾಕ್ಟರೇ, ದಿನಾ ಅವನ ಎಡಗೈಗೆ ಬಿಸಿ ಬ್ರೆಡ್ ಕೊಡ್ತಿದ್ದೆ. ನಾನ್ಯಾಕೆ ಕೊಲ್ಲಲಿ?"

ಪುರಭವನದಲ್ಲಿ ಮೂವರೂ ಸೇರಿದ್ದರು. ಹೊರಗೆ ಜನ ನೆರೆಯುತ್ತಿತ್ತು. ಮೆಲ್ಚೋರ್ ಹೊಸ ನಡುಪಟ್ಟಿ ಕಟ್ಟಿಕೊಂಡು ಕನ್ನಡಿ ನೋಡುತ್ತಿದ್ದ. ಮೈಗೆಲ್ಲ ಅತ್ತರು ಬಳಿದುಕೊಂಡಿದ್ದ, ಮೂಗಿಗೆ ಹೊಡೆಯುತ್ತಿತ್ತು.

ಡಾಕ್ಟರು ಸಹಜವಾಗಿ ಕೇಳಿದರು: "ಡಾನ್ ಮೆಲ್ಚೋರ್, ಡಮಿಯಾನ್ ಇದ್ದಿದ್ರೆ ಇವತ್ತು ನಗಾರಿ ಬಾರಿಸ್ತಿದ್ನೋ ಏನೋ?"

"ಯಾಕಿಲ್ಲ? ನಾನೇ ಕರೆಸಬೇಕು ಅಂತಿದ್ದೆ. ಎರಡೂ ಕೈಲಿ ಕೋಲು ಹಿಡಿದು ನಿಂತ ಅಂದ್ರೆ ಕಣಿವೆಯೇ ನಡುಗಬೇಕು. ಪಾಪ."

ಪಾದ್ರಿ ತಲೆಯೆತ್ತಿ ಅವನನ್ನೇ ನೋಡಿದರು. "ಏನು ಹೇಳ್ತಿದೀರಿ? ಆ ಬಲಗೈ ಬೆರಳು ಮಡಿಸೋಕೇ ಆಗ್ತಿರ್ಲಿಲ್ಲವಲ್ಲ. ಶಿಲುಬೆ ಗುರುತು ಎಡಗೈಲೇ ಹಾಕ್ಕೋ, ದೇವರು ಬೇಜಾರು ಮಾಡ್ಕೊಳ್ಳಲ್ಲ ಅಂತ ನಾನೇ ಹೇಳಿದ್ದೆ."



"ಕರ್ನಲ್," ಎಂದರು ಡಾಕ್ಟರು, "ಎಲ್ಲರೂ ಮುಷ್ಟಿಯೊಳಗಿನ ಗುಂಡಿ ನೋಡಿದಿರಿ. ಮುಷ್ಟಿ ನೋಡಲಿಲ್ಲ. ಡಮಿಯಾನನನ್ನ ಹಿಡಿದವರು ಅವನ ಬಲ ಮಣಿಕಟ್ಟಿನ ನರ ಕೊಯ್ದು ಬಿಟ್ಟಿದ್ದರು, ಇನ್ನೆಂದೂ ನಗಾರಿ ಬಾರಿಸಬಾರದು ಅಂತ. ಗಾಯ ಹೊಲಿದವನು ನಾನು. ಆವತ್ತಿಂದ ಆ ಕೈ ಏನನ್ನೂ ಹಿಡಿದಿಲ್ಲ. ಜೀವ ಇದ್ದಾಗ ಅವನು ಆ ಗುಂಡಿ ಕಿತ್ತುಕೊಂಡಿರೋಕೆ ಸಾಧ್ಯವೇ ಇಲ್ಲ. ಸತ್ತ ಮೇಲೆ ಯಾರೋ ಗುಂಡಿ ಇಟ್ಟು ಬೆರಳು ಮಡಿಸಿದಾರೆ. ಹೆಣ ಹಾಗೇ ಸೆಟೆದಿದೆ."

"ಯಾರು?"

"ಆ ಕೈಗೆ ಏನಾಗಿದೆ ಅಂತ ಗೊತ್ತಿಲ್ಲದೋನು. ಲೂಕಾಸನಿಗೆ ಗೊತ್ತು. ಪಾದ್ರಿಗಳಿಗೆ ಗೊತ್ತು. ನಿಮಗೆ ಗೊತ್ತಿಲ್ಲ ಕರ್ನಲ್, ಆದ್ರೆ ನೀವು ಕಡಲ ಕಡೆಯವರು, ನಿಮಗೆ ಕೆಚುವಾ ಬರಲ್ಲ. ಅವನನ್ನ ತೋರಿಸ್ಕೊಟ್ಟ ದನಿ ಕೆಚುವಾ ಆಡ್ತು. ಉಳಿದೋರು ಯಾರು?"

ಮೆಲ್ಚೋರ್ ಬೆವರಲಿಲ್ಲ, ಬೆಚ್ಚಲಿಲ್ಲ. ನಡುಪಟ್ಟಿ ಸರಿಮಾಡಿಕೊಂಡು, ನಿಜವಾಗಿ ತಿಳಿಯುವ ಕುತೂಹಲದಿಂದ ಕೇಳಿದ:

"ಹೌದಾ? ಕೈ ಕೊಯ್ದಿದ್ರಾ?"

 ಹಿಡಿದುಕೊಟ್ಟವನಿಗೆ, ತಾನು ಹಿಡಿದುಕೊಟ್ಟ ಮನುಷ್ಯನ ಗತಿ ಏನಾಯಿತೆಂದು ಇಷ್ಟು ವರ್ಷ ಒಮ್ಮೆಯೂ ಕೇಳಬೇಕೆನಿಸಿರಲಿಲ್ಲ.

"ಎಲ್ಲರ ಮುಂದೆ ಬಾಯಿಬಿಡ್ತೀನಿ ಅಂತ ಕಣ್ಣಲ್ಲೇ ಹೇಳಿ ಹೋದ," ಎಂದ ಮೆಲ್ಚೋರ್. "ಒಬ್ಬ ಸೌದೆ ಹೊರೋನಿಗೋಸ್ಕರ ಊರಿನ ಶುಭದಿನ ಕೆಡಿಸ್ಬೇಕಾ, ಕರ್ನಲ್?"

ಕರ್ನಲ್ ಕಿಟಕಿಯತ್ತ ನೋಡಿದರು. ಹೊರಗೆ ಚೌಕ ತುಂಬಿತ್ತು.

"ಪ್ರಮಾಣ ಮುಗೀಲಿ," ಎಂದರು. "ಆ ಬ್ರೆಡ್ಡಿನವನನ್ನ ಬಿಟ್ಟುಬಿಡಿ. ಡಾನ್ ಮೆಲ್ಚೋರ್ ಅವರನ್ನ ಮುಂದಿನ ವಾರ ವಿಚಾರಣೆಗೆ ರಾಜಧಾನಿ ಚುಕಿಸಾಕಾಗೆ ಕಳಿಸ್ತೀನಿ."

"ಮುಂದಿನ ವಾರ?"

"ಡಾಕ್ಟರೇ, ದೇಶ ಇವತ್ತು ಹುಟ್ತಿದೆ."

"ಹುಟ್ಟುವಾಗ್ಲೇ ವಾಸನೆ ಬರ್ತಿದೆ," ಎಂದು ಡಾಕ್ಟರು ಹೊರಟುಬಿಟ್ಟರು.

ಮೆಲ್ಚೋರ್ ಪ್ರಮಾಣ ಓದಿದ. ಜನ ಜಯಕಾರ ಹಾಕಿದರು. ನಾವಿಬ್ಬರೂ ಸೆಬಾಸ್ಟಿಯಾನಾಳ ಜೊತೆ ಹೆಣ ಹೊತ್ತು ಗುಡ್ಡ ಹತ್ತಿದೆವು. ಪಾದ್ರಿ ಬೆನಿಟೊ ಸಮಾರಂಭ ಬಿಟ್ಟು ಏದುಸಿರು ಬಿಡುತ್ತಾ ಹಿಂದೆಯೇ ಬಂದರು. ಬೇಡವೆನ್ನಲು ಯಾರಿಗೂ ಮನಸ್ಸಾಗಲಿಲ್ಲ.

ಮೆಲ್ಚೋರನನ್ನು ಚುಕಿಸಾಕಾಗೆ ಕಳಿಸಿದ್ದು ನಿಜ. ಮರುವರ್ಷ ಅಲ್ಲಿಗೆ ಹೋಗಿದ್ದಾಗ ಶಾಸನಸಭೆಯ ಮೆಟ್ಟಿಲ ಮೇಲೆ ಸಿಕ್ಕಿದ. ಅದರ ಸದಸ್ಯನಾಗಿದ್ದ. ನನ್ನ ಗುರುತು ಹಿಡಿದು, ಊರಲ್ಲೆಲ್ಲ ಕ್ಷೇಮವೇ ಎಂದು ವಿಚಾರಿಸಿ, ಕೈ ಚಾಚಿದ. ಅವನ ಪಾದದ ಬಳಿ ಉಗಿದು ಮೆಟ್ಟಿಲಿಳಿದೆ. ಕಾವಲಿನವನು ಬೂಟುಗಾಲಿಂದ ಅದನ್ನು ಒರೆಸಿಹಾಕಿದ.